ಒಬ್ಬನೇ ಹೊರಟವನೂ ಮನೆಯಲ್ಲಿ ಉಳಿದವರೂ



ನಮ್ಮ ಹಂಪಾಪುರದ ಯುವಕನೊಬ್ಬ ಸೈಕಲ್ಲಿನಲ್ಲಿ ಒಬ್ಬನೇ ಕೊಡಗಿಗೆ ಹೋಗಿಬರುತ್ತೇನೆ ಎನ್ನುತ್ತಾನೆಂದು ಇಟ್ಟುಕೊಳ್ಳಿ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ. ಅಲ್ಲಿಂದ ಮಡಿಕೇರಿಯವರೆಗೆ ಕಾಫಿ ತೋಟಗಳ ನಡುವೆ ಏರುದಾರಿ. ಹೋಗಿಬರಲು ನಾಲ್ಕು ದಿನ ಬೇಕು. ಅದೂ ಹೊಗೆಸೊಪ್ಪು ಬೇಯಿಸುವ ಕಾಲ. ಬ್ಯಾರನ್ನಿಗೆ ಹಗಲೂ ರಾತ್ರಿ ಸೌದೆ ಹಾಕುತ್ತಾ ಶಾಖ ನೋಡಿಕೊಳ್ಳಬೇಕು. “ಈಗ ಇದೆಲ್ಲಾ ಯಾಕಪ್ಪಾ? ಇದರಿಂದ ಏನು ಬಂದಾತು?” ಎಂದು ತಾಯಿ ಕೇಳುತ್ತಾಳೆ.

ತಾಯಿಯ ಪ್ರಶ್ನೆ ಚಿಕ್ಕದಲ್ಲ. ದುಡಿಮೆಗೂ ಅಲ್ಲದೆ, ಹರಕೆಗೂ ಅಲ್ಲದೆ, ಕೇವಲ ತನ್ನ ಸಂತೋಷಕ್ಕಾಗಿ ಒಬ್ಬನು ಹೊರಡುವುದು ಸ್ವಾರ್ಥವೇ?

13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಇದಕ್ಕೆ ಹತ್ತಿರದ ಪ್ರಶ್ನೆಯೊಂದನ್ನು ಎತ್ತಿಕೊಂಡಿದ್ದರು. ದೇಹಕ್ಕೆ ಬೇಕಾದಂತೆ ಮನಸ್ಸಿಗೂ ವಿಶ್ರಾಂತಿ ಬೇಕು. ಸದಾ ಬಿಗಿದೇ ಇರುವ ಬಿಲ್ಲು ಮುರಿದುಹೋಗುತ್ತದೆ ಎಂಬ ಹಳೆಯ ಕಥೆಯನ್ನು ನೆನೆದು, ಆಟವಿನೋದಗಳಲ್ಲೂ ಸದ್ಗುಣವಿರಬಲ್ಲದು ಎಂದು ಅವರು ತೀರ್ಮಾನಿಸಿದರು. ಆದರೆ ಅದು ಕಾಲಕ್ಕೆ, ಸ್ಥಳಕ್ಕೆ, ವ್ಯಕ್ತಿಗೆ ತಕ್ಕುದಾಗಿರಬೇಕು ಎಂದೂ ಹೇಳಿದರು. ಅಂದಮೇಲೆ ಯುವಕನ ಆಸೆ ತಪ್ಪಲ್ಲ. ಅವನು ಯೋಚಿಸಬೇಕಾದದ್ದು ಬ್ಯಾರನ್ನಿನ ವಿಷಯ.

ಐರ್ಲೆಂಡಿನ ಡರ್ವ್ಲಾ ಮರ್ಫಿಯವರ ಬದುಕನ್ನು ನೋಡಿ. 1931ರಲ್ಲಿ ಹುಟ್ಟಿದ ಆಕೆ, ಹತ್ತನೆಯ ಹುಟ್ಟುಹಬ್ಬಕ್ಕೆ ಸೈಕಲ್ಲೂ ಭೂಪಟ ಪುಸ್ತಕವೂ ಸಿಕ್ಕಿದಾಗಲೇ ಭಾರತಕ್ಕೆ ಸೈಕಲ್ಲಿನಲ್ಲಿ ಹೋಗಬೇಕೆಂದು ನಿಶ್ಚಯಿಸಿದರು. ಆದರೆ ಸಂಧಿವಾತದಿಂದ ನರಳುತ್ತಿದ್ದ ತಾಯಿಯ ಆರೈಕೆಗಾಗಿ 14ನೆಯ ವಯಸ್ಸಿನಲ್ಲಿ ಶಾಲೆಯನ್ನೇ ಬಿಡಬೇಕಾಯಿತು. ನಡುನಡುವೆ ಕೆಲವು ವಾರ ಸೈಕಲ್ ಪಯಣ ಮಾಡಿ ಮನೆಗೆ ಮರಳುತ್ತಿದ್ದರು. 1962ರಲ್ಲಿ ತಾಯಿ ತೀರಿಕೊಂಡ ಮೇಲೆ, 1963ರ ಜನವರಿಯಲ್ಲಿ ಒಬ್ಬರೇ ಹೊರಟು, ಇರಾನ್, ಅಫ್ಘಾನಿಸ್ತಾನಗಳ ಬೆಟ್ಟಗಳನ್ನು ದಾಟಿ, ಅದೇ ವರ್ಷ ದೆಹಲಿ ತಲುಪಿದರು. ಬಳಿಕ ಟಿಬೆಟಿನ ನಿರಾಶ್ರಿತ ಮಕ್ಕಳ ಸೇವೆಯಲ್ಲಿ ತೊಡಗಿದರು. ಹತ್ತು ವರ್ಷಗಳ ನಂತರ ಪುಟ್ಟ ಮಗಳೊಡನೆ ಕೊಡಗಿಗೂ ಬಂದು ಉಳಿದರು.

ಹಾಗಾದರೆ ಇಪ್ಪತ್ತು ವರ್ಷ ಕಾಯಿರಿ ಎಂದು ನಮ್ಮ ಮಕ್ಕಳಿಗೆ ಹೇಳಬೇಕೆ? ಬೇಡ. ಆಕೆಯ ಆ ಚಿಕ್ಕ ಪಯಣಗಳನ್ನು ಗಮನಿಸಿ. ಮಗಳು ಇಲ್ಲದ ವಾರಗಳಲ್ಲಿ ಆ ತಾಯಿಯನ್ನು ಬೇರೆ ಯಾರಾದರೂ ನೋಡಿಕೊಂಡಿರಲೇಬೇಕು. ಏರಿನಲ್ಲಿ ಪೆಡಲ್ ತುಳಿಯುವವನು ಒಬ್ಬನೇ, ನಿಜ. ಆದರೆ ಅವನ ನಾಲ್ಕು ದಿನಗಳ ಬಿಡುವನ್ನು ಮನೆಯಲ್ಲಿ ಉಳಿದವರು ತಮ್ಮ ದುಡಿಮೆಯಿಂದ ಕೊಟ್ಟಿರುತ್ತಾರೆ. ಹೋಗುವುದು ಸ್ವಾರ್ಥವಲ್ಲ, ಆ ಋಣವನ್ನು ಮರೆಯುವುದು ಸ್ವಾರ್ಥ.

ನಮ್ಮ ಮನೆಗಳಲ್ಲಿ ಹೀಗೆ ಹೊರಡುವವನು ಸಾಮಾನ್ಯವಾಗಿ ಮಗ. ಅವನ ಪಾಲಿನ ಕೆಲಸವನ್ನು ಹೊರುವವರು ತಾಯಿ, ಅಕ್ಕ, ಹೆಂಡತಿ. ಅವರ ಮನಸ್ಸೂ ಬಿಗಿದ ಬಿಲ್ಲೇ ಅಲ್ಲವೇ? ಅದನ್ನು ಸಡಿಲಿಸುವ ದಿನ ಅವರಿಗೆ ಯಾವಾಗ ಬರುತ್ತದೆ?

ಆದ್ದರಿಂದ ಹೊರಡುವ ಯುವಕರೇ, ಬ್ಯಾರನ್ ಕೆಲಸ ಮುಗಿಸಿ ಹೊರಡಿ. ನಿಮ್ಮ ಕೆಲಸವನ್ನು ಯಾರು ಮಾಡುತ್ತಾರೆಂದು ಕೇಳಿಕೊಂಡು, ಹೇಳಿದ ದಿನ ಮರಳಿ ಬನ್ನಿ. ತಂದೆತಾಯಿಗಳೇ, ಲಾಭವಿಲ್ಲವೆಂಬ ಒಂದೇ ಕಾರಣಕ್ಕೆ ಮಕ್ಕಳನ್ನು ತಡೆಯಬೇಡಿ. ಹೋಗಿಬಂದ ಮಗ ತಾನೇ ಒಲೆಯ ಮುಂದೆ ಕುಳಿತು, “ಅಕ್ಕಾ, ಈಗ ನೀನು ನಾಲ್ಕು ದಿನ ಹೋಗಿ ಬಾ” ಎನ್ನಲಿ. ಆಗ ಅವನ ಪಯಣದಿಂದ ಇಡೀ ಮನೆಗೇ ಒಳ್ಳೆಯದಾಗುತ್ತದೆ.