ಯಾರೂ ಕೇಳದ ಹಾಡು

ಲಿಂಡಾ ಪರ್‌ಹ್ಯಾಕ್ಸ್ ಬೆವರ್ಲಿ ಹಿಲ್ಸ್‌ನ ಕ್ಲಿನಿಕ್ಕಲ್ಲಿ ಹಲ್ಲು ಕ್ಲೀನ್ ಮಾಡ್ತಿದ್ದರು. ಅಲ್ಲಿಗೆ ಬರುತ್ತಿದ್ದ ಸಿನಿಮಾ ಸಂಗೀತಗಾರ ಲಿಯೊನಾರ್ಡ್ ರೋಸೆನ್‌ಮನ್ ಅವರಿಂದ ಆಲ್ಬಂ ಮಾಡಿಸಿದರು. 1970ರಲ್ಲಿ ಬಂದ 'ಪ್ಯಾರಲೆಲೊಗ್ರಾಮ್ಸ್' ಸೈಕೆಡೆಲಿಕ್ ಫೋಕ್. ಹೆಚ್ಚು ಮಾರಾಟವಾಗಲಿಲ್ಲ. ಸೌಂಡ್ ಎಷ್ಟು ಮಂಕಾಗಿತ್ತೆಂದರೆ ಲಿಂಡಾ ತಮ್ಮ ಪ್ರತಿಯನ್ನೇ ಎಸೆದರಂತೆ. ಮತ್ತೆ ಕ್ಲಿನಿಕ್ಕು. ಸುಮಾರು 30 ವರ್ಷದ ಮೇಲೆ ಅದು ಮರುಬಿಡುಗಡೆಯಾಯ್ತು, 2014ರಲ್ಲಿ ಎರಡನೇ ಆಲ್ಬಂ ಬಂತು.

'ಕೊನೆಗೂ ಗೆದ್ದರು' ಅಂತೀವಿ. ನನಗೆ ಕಿರಿಕಿರಿ ಅಲ್ಲೇ. ಯಾರೂ ಹುಡುಕದೇ ಇದ್ದಿದ್ದರೆ ಆ ಹಾಡಿಗೆ ಬೆಲೆ ಇರ್ತಿರಲಿಲ್ವಾ?

ನಮ್ಮಜ್ಜಿ ರಾಗಿ ಬೀಸುವಾಗ ಹಾಡೋಳು. ಬಿಇ ಮುಗಿಸಿ ಮೊದಲ ಸಂಬಳದಲ್ಲಿ ಒಳ್ಳೇ ಫೋನ್ ತಗೊಂಡೆ, ಅಜ್ಜಿಯದ್ದು ಒಂದೂ ರೆಕಾರ್ಡ್ ಮಾಡಲಿಲ್ಲ. ಅವಳಿಗೇನೂ ನಷ್ಟವಿಲ್ಲ ಬಿಡಿ. ಹಾಡಿದ್ದಳು, ಹಿಟ್ಟೂ ಆಗಿತ್ತು. ನನಗೆ ಎರಡು ಸಾಲು ನೆನಪಿದೆ. ಮೂರನೆಯದಕ್ಕೆ ಮೊನ್ನೆ ಅಮ್ಮನಿಗೆ ಫೋನ್ ಮಾಡಿದೆ. ಅವಳಿಗೂ ಬರಲ್ಲ.