ಯಾವ ನಿಯಮವನ್ನು ಪ್ರಶ್ನಿಸಬೇಕು?

ಫ್ರೆಂಚ್ ಕಲಿಯಲು ಬರುವವರು ಬದಲಾಗುತ್ತಾರೆ, ಅವರ ಪ್ರಶ್ನೆಗಳು ಬದಲಾಗುವುದಿಲ್ಲ. ಮೇಜು ಏಕೆ ಸ್ತ್ರೀಲಿಂಗ, ಪುಸ್ತಕ ಏಕೆ ಪುಲ್ಲಿಂಗ? ಉಚ್ಚರಿಸದ ಅಕ್ಷರಗಳನ್ನು ಬರೆಯುವುದೇಕೆ? ಬೆಂಗಳೂರಿನಲ್ಲಿ ಈ ಭಾಷೆಯನ್ನು ಕಲಿಸುವ ನನಗೆ ಇವು ಪರಿಚಿತ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ: ಹುಡುಗ ಬಂದನು, ಹುಡುಗಿ ಬಂದಳು, ಮೇಜು ಬಿದ್ದಿತು. ಈ ವ್ಯವಸ್ಥೆಯಲ್ಲಿ ಬೆಳೆದ ಮನಸ್ಸಿಗೆ ಜೀವವಿಲ್ಲದ ವಸ್ತುವಿನ ಹೆಣ್ತನ ಒಪ್ಪಿಗೆಯಾಗುವುದು ಕಷ್ಟ.

ನಾನು ಚರಿತ್ರೆಯನ್ನು ಹೇಳುತ್ತೇನೆ. ಲ್ಯಾಟಿನ್ನಿನಲ್ಲಿ ಮೂರು ಲಿಂಗಗಳಿದ್ದವು. ನಪುಂಸಕಲಿಂಗ ಕಾಲಕ್ರಮದಲ್ಲಿ ಅಳಿದು, ಅದರ ಪದಗಳಲ್ಲಿ ಹೆಚ್ಚಿನವು ಪುಲ್ಲಿಂಗಕ್ಕೆ ಸೇರಿದವು. ಎಲೆಯನ್ನು ಸೂಚಿಸುತ್ತಿದ್ದ ನಪುಂಸಕ ಪದದ ಬಹುವಚನ ‘ಫೋಲಿಯಾ’ ಸ್ತ್ರೀಲಿಂಗದ ಏಕವಚನದಂತೆ ಕೇಳಿಸಿದ್ದರಿಂದ ಫ್ರೆಂಚಿನಲ್ಲಿ ಎಲೆ ಸ್ತ್ರೀಲಿಂಗವಾಯಿತು. ಮೇಜು ಲ್ಯಾಟಿನ್ನಿನಲ್ಲೇ ಸ್ತ್ರೀಲಿಂಗ. ಇದರಿಂದ ಯಾರಿಗೂ ಪದಗಳ ಲಿಂಗ ನೆನಪಿನಲ್ಲಿ ಉಳಿಯುವುದಿಲ್ಲ. ಅದಕ್ಕೆ ಅಭ್ಯಾಸವೊಂದೇ ದಾರಿ. ಆದರೂ ಕೇಳಿದವರು ಸಮಾಧಾನಗೊಳ್ಳುತ್ತಾರೆ. ರೂಢಿಗೆ ಕಾರಣ ಇರಲೇಬೇಕೆಂದಿಲ್ಲ, ಅದು ನಡೆದು ಬಂದ ದಾರಿ ತಿಳಿದರೆ ಸಾಕು ಎಂಬ ನನ್ನ ನಂಬಿಕೆ ಹೀಗೆ ಗಟ್ಟಿಯಾಗುತ್ತ ಹೋಯಿತು.

ಒಂದು ತಂಡದಲ್ಲಿ ನಿವೃತ್ತರಾದ ಹಿರಿಯ ಮಹಿಳೆಯೊಬ್ಬರಿದ್ದರು. ಅವರ ಮಗಳ ಸಂಸಾರ ಮಾಂಟ್ರಿಯಲ್‌ನಲ್ಲಿ. ಕ್ವಿಬೆಕ್ ಪ್ರಾಂತ್ಯದ 1977ರ ಭಾಷಾ ಸನ್ನದಿನಂತೆ ವಲಸೆ ಬಂದ ಕುಟುಂಬಗಳ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಶಾಲೆಗೇ ಹೋಗಬೇಕು. ಮೊಮ್ಮಗಳ ಪಾಠ ತಮಗೂ ತಿಳಿಯಲೆಂದು ಅವರು ಬರುತ್ತಿದ್ದರು. ಹೆಂಗಸರ ಗುಂಪಿಗೆ ‘ಎಲ್’, ಗಂಡಸರ ಗುಂಪಿಗೆ ‘ಇಲ್’, ಇಬ್ಬರೂ ಇದ್ದರೆ ‘ಇಲ್’ ಎಂದು ನಾನು ವಿವರಿಸಿದಾಗ ಅವರು ಕೇಳಿದರು: “ನೂರು ಜನ ಹೆಂಗಸರ ಮಧ್ಯೆ ಒಬ್ಬ ಗಂಡಸು ಬಂದು ನಿಂತರೆ ಎಲ್ಲರೂ ‘ಇಲ್’ ಆಗಿಬಿಡ್ತಾರಾ ಮೇಡಂ? ಆ ನೂರು ಜನ ಎಲ್ಲಿ ಹೋದರು?”

ಎಲ್ಲರನ್ನೂ ‘ಅವರು’ ಎನ್ನುವ ಭಾಷೆಯಿಂದ ಬಂದವರಿಗೆ ಇದು ಸಹಜವಾದ ಪ್ರಶ್ನೆ. ಇದೂ ರೂಢಿ ಎನ್ನುವ ಉತ್ತರ ಸಿದ್ಧವಾಗಿಯೇ ಇತ್ತು. ಆದರೆ ಮೇಜಿನ ಪ್ರಶ್ನೆಗೂ ಈ ಪ್ರಶ್ನೆಗೂ ಒಂದೇ ಉತ್ತರ ಸಲ್ಲುತ್ತದೆಯೇ ಎಂಬ ಯೋಚನೆ ನನ್ನನ್ನು ತಡೆಯಿತು. ಮೇಜಿನ ಲಿಂಗಕ್ಕೆ ಯಾರೂ ಕಾರಣ ಕೊಟ್ಟು ಅದನ್ನು ಸ್ಥಾಪಿಸಲಿಲ್ಲ. ಈ ನಿಯಮಕ್ಕಾದರೋ ಪಂಡಿತರು ಕಾರಣ ಕೊಟ್ಟಿದ್ದಾರೆ. 1647ರಲ್ಲಿ ವೊಜಲಾ ಪುಲ್ಲಿಂಗವನ್ನು ಹೆಚ್ಚು ಗೌರವದ ಲಿಂಗವೆಂದ. 1767ರಲ್ಲಿ ವ್ಯಾಕರಣಕಾರ ಬೋಝೆ, ಗಂಡು ಹೆಣ್ಣಿಗಿಂತ ಮೇಲಾದ್ದರಿಂದ ಹಾಗೆ ಎಂದು ಸ್ಪಷ್ಟವಾಗಿಯೇ ಬರೆದ.

ಇಲ್ಲಿ ನನ್ನ ಎಣಿಕೆ ತಲೆಕೆಳಗಾಯಿತು. ಕಾರಣವಿರುವ ನಿಯಮ ಗಟ್ಟಿ, ಕಾರಣವಿಲ್ಲದ್ದು ಸಂದೇಹಾಸ್ಪದ ಎಂದಲ್ಲವೇ ನಾವು ಸಾಮಾನ್ಯವಾಗಿ ಭಾವಿಸುವುದು? ಈ ಎರಡು ನಿಯಮಗಳಲ್ಲಿ ಕಾರಣವಿಲ್ಲದ್ದು ನಿರಪಾಯಕಾರಿ. ಮೇಜನ್ನು ಹೆಣ್ಣೆಂದರೆ ಯಾರ ಮಾನವೂ ಕುಂದುವುದಿಲ್ಲ. ಕಾರಣವಿರುವ ನಿಯಮದಲ್ಲಿ ಆ ಕಾರಣವೇ ನೋವಿನ ಮೂಲ. ಹಾಗಾದರೆ ರೂಢಿಯ ಮುಂದೆ ನಿಂತು ಮೊದಲು ಕೇಳಬೇಕಾದದ್ದು ಇದಕ್ಕೆ ಕಾರಣವಿದೆಯೇ ಎಂದಲ್ಲ, ಇದರ ಭಾರ ಯಾರ ಮೇಲೆ ಬೀಳುತ್ತಿದೆ ಎಂದು.

ಈ ಅಳತೆಗೋಲನ್ನು ವ್ಯಾಕರಣದ ಆಚೆಗೂ ಹಿಡಿದು ನೋಡಿದೆ. ಹೊಸ್ತಿಲನ್ನು ತುಳಿಯದೆ ದಾಟಬೇಕೆಂದು ನನ್ನ ಬಾಲ್ಯದ ಮನೆಯಲ್ಲಿ ಹೇಳುತ್ತಿದ್ದರು. ಅದಕ್ಕೆ ಯಾರೂ ಕಾರಣ ಹೇಳಲಿಲ್ಲ; ನಾನು ಇಂದಿಗೂ ಹಾಗೆಯೇ ದಾಟುತ್ತೇನೆ, ಅದರಲ್ಲಿ ಒಂದು ಬಗೆಯ ಸೇರಿಕೆಯ ಸಂತೋಷವಿದೆ. ಗಂಡಸರ ಊಟವಾದ ಮೇಲೆಯೇ ಹೆಂಗಸರು ಉಣ್ಣಬೇಕೆಂಬುದಕ್ಕೆ ಮಾತ್ರ ಕಾರಣಗಳು ಹೇರಳವಾಗಿದ್ದವು. ಅಷ್ಟೊಂದು ಸಮರ್ಥನೆ ಬೇಕಾಗಿತ್ತೆಂಬುದೇ ಅದರ ಒಳಗಿನ ಅನ್ಯಾಯವನ್ನು ಸೂಚಿಸುತ್ತಿತ್ತೇನೋ.

ಆದರೆ ನೋಯಿಸುವ ನಿಯಮವನ್ನು ಒಬ್ಬರೇ ಬದಲಿಸಬಲ್ಲರೆ? ಪರೀಕ್ಷೆ ಇಂದಿಗೂ ‘ಇಲ್’ ಅನ್ನೇ ಸರಿಯೆನ್ನುತ್ತದೆ; ನಾನೂ ಅದನ್ನೇ ಕಲಿಸಬೇಕು. ಆದರೂ ಭಾಷೆ ಅದನ್ನಾಡುವವರ ಒತ್ತಾಯಕ್ಕೆ ಕಿವಿಗೊಡುತ್ತದೆ. 2017ರಲ್ಲಿ ಫ್ರಾನ್ಸಿನ 314 ಶಿಕ್ಷಕರು ಪುಲ್ಲಿಂಗವೇ ಮೇಲು ಎಂಬ ಪಾಠವನ್ನು ಇನ್ನು ಕಲಿಸುವುದಿಲ್ಲವೆಂದು ಬಹಿರಂಗವಾಗಿ ಘೋಷಿಸಿದರು. 1635ರಲ್ಲಿ ಸ್ಥಾಪನೆಯಾದ ಫ್ರೆಂಚ್ ಅಕಾಡೆಮಿ, ವೃತ್ತಿನಾಮಗಳಿಗೆ ಸ್ತ್ರೀರೂಪವನ್ನು ದೀರ್ಘಕಾಲ ವಿರೋಧಿಸಿ, 2019ರಲ್ಲಿ ಒಪ್ಪಿತು. ಆ ಒಪ್ಪಿಗೆಯ ಹಿಂದೆ ಹಲವು ದಶಕಗಳ ಕೇಳಿಕೆಯಿದೆ.

ಆ ಹಿರಿಯರಿಗೆ ನಿಯಮವನ್ನೂ ಹೇಳಿದೆ, ಅದರ ಹಿಂದಿನ ಕಾರಣವನ್ನೂ ಹೇಳಿದೆ. ಎರಡನ್ನೂ ಅವರು ಬರೆದುಕೊಂಡರು. ಅಂದಿನಿಂದ ನನಗೆ ಪಾಠದ ಗುರಿ ಕೊಂಚ ಬೇರೆಯಾಗಿ ಕಾಣುತ್ತಿದೆ. ನಿರಪಾಯವಾದ ರೂಢಿಯೊಂದಿಗೆ ತಕರಾರಿಲ್ಲದೆ ಬಾಳುವುದು ವಿನಯ. ನೋಯಿಸುವ ರೂಢಿಯನ್ನು ಪಾಲಿಸಲೇಬೇಕಾದಾಗಲೂ ಅದನ್ನು ಸಹಜವೆಂದು ಒಪ್ಪದಿರುವುದು ವಿವೇಕ. ಇವೆರಡನ್ನೂ ಒಟ್ಟಿಗೆ ಕಲಿಯದಿದ್ದರೆ ನಮ್ಮ ವಿನಯ ಬರೀ ವಿಧೇಯತೆಯಾಗುತ್ತದೆ, ನಮ್ಮ ಪ್ರಶ್ನೆ ಬರೀ ಹಟವಾಗುತ್ತದೆ.