ಮಲಪ್ರಭೆಯ ದಾರಿಯಲ್ಲಿ ಹೆಸರಿನ ಹಂಗು



ಖಾನಾಪುರ ಸೀಮೆಯ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಸಹ್ಯಾದ್ರಿಯನ್ನು ಬಿಟ್ಟು ಬಯಲುಸೀಮೆಗೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯೊಡನೆ ಒಂದಾಗುತ್ತಾಳೆ. ಈ ಹೊಳೆಯ ಕಣಿವೆಯಲ್ಲಿಯೇ ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆಗಳು ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಂತಿವೆ. ಚಾಲುಕ್ಯರ ಕಾಲದ ಶಿಲ್ಪವನ್ನು ನೋಡುತ್ತ ಈ ದಾರಿಯನ್ನು ಹಿಡಿದು ಸಾಗುವ ಯಾತ್ರಿಕನಿಗೆ ಕೊನೆಯಲ್ಲಿ ದೊರೆಯುವುದು ಬಸವಣ್ಣನವರ ಐಕ್ಯಸ್ಥಳ.

“ಕರಸ್ಥಲದಲ್ಲಿ ಇಷ್ಟಲಿಂಗವಿರುವಾಗ ಕಲ್ಲಿನ ಗುಡಿಗಳನ್ನು ನೋಡುವುದೇತಕ್ಕೆ? ನೇರವಾಗಿ ಸಂಗಮಕ್ಕೆ ಹೋದರೆ ಸಾಲದೇ?” ಎಂದು ಕೆಲವರು ಭಕ್ತರು ಕೇಳುವುದುಂಟು. ಈ ಸಂದೇಹವು ತಪ್ಪಲ್ಲ. ತನ್ನ ಶರೀರವನ್ನೇ ಶಿವನಿಗೆ ಆಲಯವಾಗಿ ಅರ್ಪಿಸಬೇಕೆಂಬುದು ಶರಣರ ಬೋಧೆ. ಆದರೆ ಶರಣರು ಶಿಲೆಯನ್ನು ಕಡೆದ ಕೈಯನ್ನು ಹಳಿದವರಲ್ಲ. ಕಾಯಕದಲ್ಲಿಯೇ ಕೈಲಾಸವನ್ನು ಕಂಡವರು. ಆದುದರಿಂದ ಈ ದಾರಿಯನ್ನು ಪೂಜೆಗಾಗಿ ಅಲ್ಲ, ಪಾಠಕ್ಕಾಗಿ ನಡೆಯೋಣ.

ಮೊದಲು ಬಾದಾಮಿ. ಅಲ್ಲಿಯ ಮೂರನೆಯ ಗುಹಾಲಯವನ್ನು ಮಂಗಲೇಶನು ವಿಷ್ಣುವಿಗಾಗಿ ಕೊರೆಯಿಸಿದನು. ಅಲ್ಲಿಯ ಶಾಸನದ ಕಾಲ ಕ್ರಿ.ಶ. 578. ಆ ಕಾರ್ಯದ ಪುಣ್ಯಫಲವನ್ನು ಆತನು ತನ್ನ ಅಣ್ಣನಾದ ಕೀರ್ತಿವರ್ಮನಿಗೆ ಅರ್ಪಿಸಿದನೆಂದು ಆ ಶಾಸನವು ಸಾರುತ್ತದೆ. ಮಾಡಿದ ಕಾರ್ಯದ ಫಲವನ್ನು ಮತ್ತೊಬ್ಬರಿಗೆ ಧಾರೆಯೆರೆಯುವುದು ಸಣ್ಣ ಮಾತಲ್ಲ. ಆದರೂ ಕೊಟ್ಟವನು ಇಂಥವನೆಂಬುದು ಕಲ್ಲಿನಲ್ಲಿ ಉಳಿದೇ ಉಳಿಯಿತು.

ಮುಂದೆ ಪಟ್ಟದಕಲ್ಲು. 1987ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿದ ಈ ಕ್ಷೇತ್ರದಲ್ಲಿ ಉತ್ತರದ ನಾಗರ ಶೈಲಿಯೂ ದಕ್ಷಿಣದ ದ್ರಾವಿಡ ಶೈಲಿಯೂ ಒಂದೇ ಅಂಗಳದಲ್ಲಿ ಅಕ್ಕಪಕ್ಕ ನಿಂತಿವೆ. 8ನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿಯು ತನ್ನ ಪತಿ ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗಾಗಿ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದಳು. ಕಟ್ಟಿಸಿದವರ ಹೆಸರಿನೊಡನೆ ಕಟ್ಟಿದ ಸೂತ್ರಧಾರಿಯ ಹೆಸರೂ ಅಲ್ಲಿಯ ಕನ್ನಡ ಶಾಸನದಲ್ಲಿದೆ. ಆತನೇ ಗುಂಡ ಅನಿವಾರಿತಾಚಾರಿ. ‘ತ್ರಿಭುವನಾಚಾರಿ’ ಎಂಬ ಬಿರುದನ್ನು ಪಡೆದವನು. ಕಾಯಕಜೀವಿಗೆ ಅರಮನೆಯು ಸಲ್ಲಿಸಿದ ಈ ಮನ್ನಣೆಯನ್ನು ಕಂಡು ನಾವು ತಲೆಬಾಗಬೇಕು. ಆದರೆ ಕಲ್ಲುಗಣಿಯಲ್ಲಿ ಬೆವರು ಸುರಿಸಿದವರೆಷ್ಟು ಮಂದಿ! ಅವರೆಲ್ಲರ ಹೆಸರನ್ನು ಯಾವ ಶಾಸನವು ಹಿಡಿದೀತು?

ಇನ್ನೂ ಮುಂದೆ ಐಹೊಳೆ. ಮೇಗುತಿಯ ಜಿನಾಲಯದಲ್ಲಿ 634ರ ಶಾಸನವಿದೆ. ಇಮ್ಮಡಿ ಪುಲಕೇಶಿಯನ್ನು ಕೊಂಡಾಡಿದ ರವಿಕೀರ್ತಿಯು ಅದರ ಕೊನೆಯಲ್ಲಿ ತನ್ನ ಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಗೆ ಸರಿದೂಗಿಸಿಕೊಂಡಿದ್ದಾನೆ. ಆತನ ಪಾಂಡಿತ್ಯವು ದೊಡ್ಡದು. ಆದರೆ ಎಂತಹ ಪಂಡಿತನನ್ನೂ ಹೆಸರಿನ ಹಂಗು ಬಿಡಲಿಲ್ಲವೆಂಬುದನ್ನು ನಾವು ಗಮನಿಸಬೇಕು.

ಕೊನೆಗೆ ಸಂಗಮ. 12ನೆಯ ಶತಮಾನದಲ್ಲಿ ಬಸವಣ್ಣನವರು ಬಾಲ್ಯದ ಅಧ್ಯಯನವನ್ನು ಮಾಡಿದ್ದು ಇಲ್ಲಿ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದು ಎಲ್ಲವನ್ನೂ ತೊರೆದು ಮರಳಿ ಬಂದದ್ದೂ ಇಲ್ಲಿಗೆ. ನಾರಾಯಣಪುರ ಜಲಾಶಯದ ಹಿನ್ನೀರು ಇಂದು ಐಕ್ಯಮಂಟಪವನ್ನು ಸುತ್ತುವರಿದಿದೆ. ಬಾವಿಯಂತಹ ಕಟ್ಟಡದೊಳಗೆ ಮೆಟ್ಟಿಲಿಳಿದು ದರ್ಶನ ಪಡೆಯಬೇಕು. ಅಲ್ಲಿ ನಿಂತು ಒಂದು ಸಂಗತಿಯನ್ನು ಆಲೋಚಿಸಿರಿ. ಅವರು ತಮ್ಮ ವಚನಗಳಿಗೆ ಇಟ್ಟುಕೊಂಡ ಅಂಕಿತವು ಅವರ ಹೆಸರಲ್ಲ. ಈ ಸಂಗಮದ ದೇವನ ಹೆಸರು. ಮಲಪ್ರಭೆಯೂ ಇಲ್ಲಿಗೆ ಬಂದು ತನ್ನ ಹೆಸರನ್ನು ಕಳೆದುಕೊಳ್ಳುತ್ತಾಳೆ. ಮುಂದೆ ಹರಿಯುವ ನೀರಿಗೆ ಕೃಷ್ಣೆಯೆಂದೇ ಹೆಸರು. ನೀರು ಕಡಿಮೆಯಾಯಿತೇ? ಇಲ್ಲ, ಹೆಚ್ಚಾಯಿತು. ಹೆಸರಳಿಸಿದ ಶರಣನ ಮಹಿಮೆಯೂ ಹಾಗೆಯೇ.

ಗೃಹಸ್ಥರೇ, ನಮ್ಮ ನಡೆ ಹೇಗಿದೆ? ಮಠಕ್ಕೆ ಒಂದು ಬೀಸಣಿಗೆ ಯಂತ್ರವನ್ನು ಕೊಟ್ಟರೆ ಅದರ ರೆಕ್ಕೆಯ ಮೇಲೂ ನಮ್ಮ ಹೆಸರು! ದಾಸೋಹದ ಹಂಡೆಯ ಮೇಲೂ ತಂದೆತಾಯಿಗಳ ಹೆಸರು! ಹಸಿದು ಬಂದ ಜಂಗಮನು ಅನ್ನವನ್ನು ಉಣ್ಣುತ್ತಾನೆಯೇ ಹೊರತು ಅಕ್ಷರಗಳನ್ನಲ್ಲ. ‘ನಾನು ಮಾಡಿದೆ’ ಎಂಬ ಭಾವವು ಉಳಿದಲ್ಲಿ ದಾಸೋಹವು ವ್ಯವಹಾರವಾಗುತ್ತದೆ. ಇನ್ನು ಪುರಾತನ ಕಂಬಗಳ ಮೇಲೆ ತಮ್ಮ ಹೆಸರನ್ನು ಗೀಚಿ ಬರುವವರ ಮಾತನ್ನು ಏನೆಂದು ಹೇಳೋಣ! ಶತಮಾನಗಳ ಕಾಯಕವನ್ನು ಕ್ಷಣಮಾತ್ರದಲ್ಲಿ ಕೆಡಿಸುವ ಕೈಗೆ ಲಿಂಗಪೂಜೆಯ ಅರ್ಹತೆ ಎಲ್ಲಿಯದು?

ಮುಂದಿನ ಸಲ ಸಂಗಮಕ್ಕೆ ಹೊರಟಾಗ ಮಕ್ಕಳನ್ನು ಈ ಹೊಳೆಯ ದಾರಿಯಲ್ಲಿಯೇ ಕರೆದೊಯ್ಯಿರಿ. ಗುಂಡಾಚಾರಿಯ ಹೆಸರನ್ನು ಅವರಿಗೆ ಹೇಳಿರಿ. ಹೆಸರುಳಿಯದ ಕಲ್ಲುಕುಟಿಗರಿಗೂ ಕೈಮುಗಿಯಿಸಿರಿ. ಮನೆಗೆ ಮರಳಿದ ಮೇಲೆ ಯಾರಿಗೂ ತಿಳಿಯದಂತೆ ಒಂದು ಸತ್ಕಾರ್ಯವನ್ನು ಮಾಡಿರಿ. ಆಗ ನೀವು ನಿಜವಾಗಿಯೂ ಸಂಗಮವನ್ನು ಮುಟ್ಟಿದಂತಾಗುವುದು.